ಸಪ್ಪಳ ಹಿಡಿಯುವವರು

ನಮ್ಮ ಬಡಾವಣೆಯಲ್ಲಿ ಯಾರದಾದರೂ ಮನೆಯ ಮುಂದೆ ಕಾರಿನ ಬಾಗಿಲು ತೆರೆದಿದ್ದು, ಒಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದರೆ, ಆ ಕಾಲು ಅಣ್ಣನವೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕಂದು ಬಣ್ಣದ ಉಣ್ಣೆ ಸಾಕ್ಸು, ಅದರ ಮೇಲೆ ಚಪ್ಪಲಿ. ಸ್ಟರ್ಲಿಂಗ್ ಹೈಟ್ಸಿನ ಕೊರೆಯುವ ಚಳಿಯ ನವೆಂಬರಿನಲ್ಲೂ ಚಪ್ಪಲಿಯೇ. ಮೈಯೆಲ್ಲ ಕಾರಿನೊಳಗೆ, ತಲೆ ಎರಡು ಸೀಟುಗಳ ನಡುವಿನ ಕನ್ಸೋಲಿನ ಹತ್ತಿರ, ಬಾಯಲ್ಲಿ ಸಣ್ಣ ಟಾರ್ಚು. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ಹಲೋ ಎಂದರೆ ಬಾಯಿ ಬಿಡಲಾಗದೆ ಒಂದು ಕಾಲು ಅಲ್ಲಾಡಿಸುತ್ತಿದ್ದರು. ನಮ್ಮ ಮಕ್ಕಳು ಅವರನ್ನು ‘ಕಾರ್ ಅಂಕಲ್’ ಎಂದೇ ಕರೆಯುತ್ತಿದ್ದರು.

ಅವರು ಹೋದ ಮೇಲೆ ಒಂದು ಚಳಿಗಾಲ ಕಳೆದು ಹಿಮ ಕರಗಿದೆ. ಎಲ್ಲರೂ ಕಾರು ತೊಳೆಯಲು ಹೊರಗೆ ತಂದಿದ್ದಾರೆ. ಬಾಗಿಲು ತೆರೆದ ಕಾರುಗಳನ್ನು ನೋಡುತ್ತಾ ಅಂಗಡಿಯ ಕೆಲಸಕ್ಕೆ ಹೋಗುತ್ತೇನೆ. ಒಂದರಲ್ಲೂ ಆ ಸಾಕ್ಸು ಇಲ್ಲ.

ಅವರ ಮನೆ ನಮ್ಮ ಪಕ್ಕದ್ದು. ಅವರು ಬಾಗಲಕೋಟೆ ಕಡೆಯವರು, ನಾನು ತುಮಕೂರಿನವಳು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಅವರಿಗೆ ನಾನು ತಂಗಿ. ಕಾರಿನ ಒಳಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಅವರು ಇಂಜಿನಿಯರ್ ಆಗಿದ್ದರು. ಅವರ ಕೆಲಸ ಏನೆಂದು ಕೇಳಿದರೆ “ಸಪ್ಪಳ ಹಿಡಿಯೂದು” ಎನ್ನುತ್ತಿದ್ದರು. ಹೊಸ ಕಾರಿನೊಳಗೆ ಎಲ್ಲಾದರೂ ಕಿರ್ ಎಂದರೆ, ಟಕ್ ಎಂದರೆ, ಅದು ಎಲ್ಲಿಂದ ಬರುತ್ತಿದೆ ಎಂದು ಕಿವಿಯಿಂದ ಹುಡುಕಿ ನಿಲ್ಲಿಸುವುದು. ಅದಕ್ಕೂ ಒಂದು ಕೆಲಸವಿದೆಯೆಂದು ನನಗೆ ಗೊತ್ತಿರಲಿಲ್ಲ. ಒಮ್ಮೆ ನಮ್ಮ ಕಾರಿನಲ್ಲಿ ಎಲ್ಲರೂ ದೇವಸ್ಥಾನಕ್ಕೆ ಹೊರಟಿದ್ದಾಗ, ಹಾಲ್ ರೋಡಿನ ಟ್ರಾಫಿಕ್ಕಿನ ನಡುವೆ ಅವರು ಇದ್ದಕ್ಕಿದ್ದಂತೆ ನಮ್ಮ ಮನೆಯವರ ಭುಜ ಹಿಡಿದರು.

“ನಿಲ್ಲಸ್ರಿ.”

“ಇಲ್ಲೇನಾ? ಯಾಕೆ ಅಣ್ಣ, ಏನಾಯ್ತು?”

“ನಿಲ್ಲಸ್ರಿ ಅಂದ್ರ ನಿಲ್ಲಸ್ರಿ. ಒಂದು ಸಪ್ಪಳ ಬರಾಕತ್ತೇತಿ.”

ಒಂದು ಬ್ಯಾಂಕಿನ ಪಾರ್ಕಿಂಗಿನಲ್ಲಿ ನಿಲ್ಲಿಸಿದೆವು. ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಅವರು ಕನ್ಸೋಲಿನ ಸಂದಿಗೆ ಎರಡು ಬೆರಳು ತೂರಿಸಿ ನನ್ನದೇ ಒಂದು ಹೇರ್‌ಪಿನ್ ಎಳೆದು ನನ್ನ ಕೈಗಿಟ್ಟರು. ಅಕ್ಕ ಹಿಂದಿನ ಸೀಟಿನಿಂದ, “ಮದುವಿಯಾಗಿ ಇಷ್ಟು ವರ್ಷಾತು, ನಾ ಕರದದ್ದು ಒಮ್ಮೆನೂ ಕೇಳಿಸಿಲ್ಲ ಇವರಿಗೆ. ಪಿನ್ ಕೇಳಿಸ್ತೈತಿ” ಎಂದರು.

“ನೀ ಕಿರ್ ಅನ್ನಂಗಿಲ್ಲಲ್ಲ” ಎಂದರು ಅವರು. ಅವರ ಹೊಗಳಿಕೆ ಇಷ್ಟೇ ಇರುತ್ತಿತ್ತು.

ಈಚಿನ ವರ್ಷಗಳಲ್ಲಿ ನಮ್ಮವರು ಒಬ್ಬೊಬ್ಬರಾಗಿ ಎಲೆಕ್ಟ್ರಿಕ್ ಕಾರು ಕೊಂಡರು. ಹೆಚ್ಚಿನವರು ಕೊಂಡದ್ದು ಕಡಿಮೆ ಬೆಲೆಯ ಮಾಡೆಲ್ಲು. ಅದರ ಕನ್ಸೋಲಿನಲ್ಲಿ ಫೋನು ಇಡಲು ಒಂದು ತಗ್ಗು ಇರುತ್ತದೆ, ಆದರೆ ಇಟ್ಟರೆ ಚಾರ್ಜ್ ಆಗುವುದಿಲ್ಲ. ಆ ತಗ್ಗು ನೋಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. “ಜಾಗಾ ಮಾಡ್ಯಾರ, ಸಾಮಾನು ಇಟ್ಟಿಲ್ಲ. ಕುರ್ಚಿ ಹಾಕಿ ಕುಂಡ್ರಬ್ಯಾಡ ಅಂದಂಗಾತು.” ಹಾಗೆ ಶುರುವಾಯಿತು ಅವರ ಶನಿವಾರದ ಕೆಲಸ. ವೈರ್ ಇಲ್ಲದೆ ಚಾರ್ಜ್ ಮಾಡುವ ಪ್ಯಾಡೊಂದನ್ನು ತರಿಸುವುದು. ಆ ತಗ್ಗಿನ ಅಳತೆಗೆ ಸರಿಯಾಗಿ ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಒಂದು ತಟ್ಟೆ ಕತ್ತರಿಸುವುದು. ಅದರೊಳಗೆ ಪ್ಯಾಡು ಕೂರಿಸಿ, ಕನ್ಸೋಲಿನ ಹೊಟ್ಟೆಯೊಳಗಿನಿಂದ ವೈರು ಎಳೆದು, ವೈರಿಗೆ ಬಟ್ಟೆಯ ಟೇಪು ಸುತ್ತಿ, ಮತ್ತೆ ಎಲ್ಲ ಮುಚ್ಚುವುದು. ಬೇಸ್‌ಮೆಂಟಿನಲ್ಲಿ ಸಣ್ಣ ಗರಗಸದಿಂದ ಕೊಯ್ದು ಅರದಿಂದ ಉಜ್ಜುತ್ತಿದ್ದರು. ಅಂಚು ಸರಿಯಾಯಿತೇ ಎಂದು ಕಣ್ಣಿನಿಂದ ನೋಡುತ್ತಿರಲಿಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಒಂದು ಸುತ್ತು ಎಳೆದು, ತಲೆಯಾಡಿಸಿ, “ಸರಿ ಐತಿ” ಎನ್ನುತ್ತಿದ್ದರು. ಆಮೇಲೆ ಅದನ್ನು ಮುಟ್ಟುತ್ತಿರಲಿಲ್ಲ.

ನನ್ನನ್ನು ಕರೆಯುತ್ತಿದ್ದುದು ಕೈಗೋಸ್ಕರ. “ತಂಗೀ, ನಿನ್ನ ಕೈ ಸಣ್ಣದೈತಿ, ಒಳಗ ಹೋಗ್ತೈತಿ, ಬಾ ಒಂದೀಟು.” ಅವರ ಅಗಲವಾದ ಅಂಗೈ ತೂರದ ಕಡೆ ನನ್ನದು ತೂರುತ್ತಿತ್ತು. ಒಳಗೆ ಕ್ಲಿಪ್ಪು ಸಿಕ್ಕಿ ಟಕ್ ಎಂದು ಕೂತಾಗ ಅವರು ಹೊರಗಿನಿಂದಲೇ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. “ಇಲ್ಲ, ಇನ್ನೊಂದು ಕೂತಿಲ್ಲ” ಎಂದರೆ ನಿಜವಾಗಿಯೂ ಇನ್ನೊಂದು ಕೂತಿರುತ್ತಿರಲಿಲ್ಲ.

ನಮ್ಮ ಕಾರಿನ ಆಯುಧಪೂಜೆಯದೊಂದು ಕತೆಯಿದೆ. ಅದನ್ನು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಕಾರು ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಮಾರನೆಯ ದಿನದಿಂದ ಫೋನು ಚಾರ್ಜ್ ಆಗುವುದು ನಿಂತಿತು. ನಾನು ಫೋನ್ ಮಾಡಿದೆ.

“ಅಣ್ಣ, ನೀವು ಹಾಕಿದ್ದು ಕೆಟ್ಟೋಗಿದೆ ಅನ್ಸುತ್ತೆ. ಫೋನು ದೋಸೆ ಹಂಚಿನ ಥರ ಕಾದಿದೆ.”

“ಕೆಡಂಗಿಲ್ಲ ಅದು. ನೀವ ಏನರ ಮಾಡಿರ್ತೀರಿ.”

ಬಂದು ಕನ್ಸೋಲು ಪೂರ್ತಿ ಬಿಚ್ಚಿದರು. ವೈರು ಸರಿಯಿತ್ತು, ಪ್ಯಾಡು ಸರಿಯಿತ್ತು. ಎಲ್ಲ ಮುಚ್ಚಿ, ಕೊನೆಗೆ ಪ್ಯಾಡಿನ ಮೇಲಿನ ತೆಳು ರಬ್ಬರ್ ಚಾಪೆ ಎತ್ತಿದರು. ಅಡಿಯಲ್ಲಿ ಕುಂಕುಮದ ಸಮೇತ ಒಂದು ಲಕ್ಷ್ಮಿಯ ಬೆಳ್ಳಿ ನಾಣ್ಯ. ಪೂಜೆಯ ದಿನ ಯಾರಿಗೂ ಕಾಣದಿರಲೆಂದು ನಾನೇ ಇಟ್ಟದ್ದು.

“ಇದನ್ನ ಯಾರು ಇಟ್ಟಾರ?”

“ನಾನೇ ಅಣ್ಣ. ಕಾರಲ್ಲಿ ಇರ್ಲಿ ಅಂತ...”

“ಲಕ್ಷ್ಮೀನ ಒಯ್ದು ಕರೆಂಟಿನ ಮ್ಯಾಲೆ ಕುಂಡ್ರಿಸೀಯಲ್ಲ ಮಾರಾಯ್ತಿ! ಫೋನಿಗೆ ಹೋಗೂ ಶಕ್ತಿ ಎಲ್ಲಾ ಆಕೀನ ನುಂಗ್ಯಾಳ. ಬೆಳ್ಳಿ ಹೆಂಗ ಕಾದೈತಿ ನೋಡು.” ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. “ನಮ್ಮ ಕಂಪನ್ಯಾಗ ಬಿಸಲಾಗ ಇಟ್ಟು ನೋಡೀವಿ, ಹಿಮದಾಗ ಇಟ್ಟು ನೋಡೀವಿ, ಕಾಫಿ ಚೆಲ್ಲಿ ನೋಡೀವಿ. ಲಕ್ಷ್ಮೀನ ಇಟ್ಟು ಯಾರೂ ಟೆಸ್ಟ್ ಮಾಡಿರಲಿಲ್ಲ.”

ತೆಗೆದುಬಿಡು ಎನ್ನಲಿಲ್ಲ. ಮುಂದಿನ ವಾರ ಹೊಸದೊಂದು ತಟ್ಟೆ ಮಾಡಿ ತಂದರು. ಅದರಲ್ಲಿ ಪ್ಯಾಡಿನಿಂದ ದೂರಕ್ಕೆ, ಒಂದು ಮೂಲೆಯಲ್ಲಿ, ನಾಣ್ಯದಷ್ಟೇ ಗುಂಡಗಿನ ಗುಳಿ. ನಾಣ್ಯ ಇಟ್ಟರೆ ಅಲುಗದಂತೆ ಕೂರುತ್ತಿತ್ತು. “ಫೋನಿಗೊಂದು ಮನಿ, ಲಕ್ಷ್ಮಿಗೊಂದು ಮನಿ. ಇನ್ನ ಜಗಳಿಲ್ಲ.” ಅಂದಿನಿಂದ ಯಾರ ಕಾರಿಗೆ ಹಾಕಬೇಕಾದರೂ ಅವರ ಮೊದಲ ಪ್ರಶ್ನೆ, “ನಿಮ್ಮ ಕಾರಿನ್ಯಾಗ ದೇವರು ಎಲ್ಲಿ ಕುಂಡ್ರತಾರ?”

ಅವರು ಪ್ಯಾಡು ಹಾಕದೆ ಬಿಟ್ಟಿದ್ದು ಎರಡೇ ಕಾರಿಗೆ. ಒಂದು ಅವರದೇ ಕಾರು. ತಮ್ಮದಕ್ಕೆ ಪುರುಸೊತ್ತಾಗಿರಲಿಲ್ಲ. ಇನ್ನೊಂದು ಮಗಳದು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಕೆಲಸ, ಒಬ್ಬಳೇ ಇರುತ್ತಾಳೆ. ಹಳೆಯದೊಂದು ಎಲೆಕ್ಟ್ರಿಕ್ ಕಾರು ಕೊಂಡಿದ್ದಳು. ಅದರಲ್ಲೂ ಅದೇ ಖಾಲಿ ತಗ್ಗು. ಪ್ರತಿ ಸಲ ಫೋನು ಮಾಡಿದಾಗಲೂ ಇವರು ಬರಲೇ ಎಂದು ಕೇಳುವುದು, ಪ್ರತಿ ಸಲವೂ ಅವಳು “ಡ್ಯಾಡ್, ಐ ಹ್ಯಾವ್ ಎ ಕೇಬಲ್. ಇಟ್ಸ್ ಫೈನ್” ಎನ್ನುವುದು. ಅವಳ ದನಿಯನ್ನು ಅಣಕಿಸಿ ನಮಗೆ ಹೇಳಿ ತಾವೇ ನಗುತ್ತಿದ್ದರು. ಅವಳಿಗೆ ತಮ್ಮಿಂದ ಬೇಕಾದದ್ದು ಏನಾದರೂ ಒಂದಿರಬೇಕು ಎಂದು ಅವರಿಗಿತ್ತು. ಬಾಯಿಬಿಟ್ಟು ಹೇಳಿದವರಲ್ಲ.

ಹೋದ ಬೇಸಿಗೆಯಲ್ಲಿ ಹೊಟ್ಟೆನೋವು ಎಂದರು. ಊಟ ಸೇರುವುದಿಲ್ಲ ಎಂದರು. ಪರೀಕ್ಷೆ ಮಾಡಿಸಿ ಬಂದ ದಿನ ನಾನು ಅಂಗಳದಲ್ಲಿ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ಅವರು ಕಾರಿಂದ ಇಳಿದು ನೇರ ನನ್ನ ಹತ್ತಿರ ಬಂದರು.

“ಕ್ಯಾನ್ಸರ್ ಅಂತ ತಂಗಿ. ಲಿವರಿಗೂ ಹೋಗೇತಂತ.” ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡರು. “ಒಳಗ ಇಷ್ಟು ದಿವಸ ಸಪ್ಪಳ ಮಾಡೇತಿ. ನನಗ ಕೇಳಿಸಲಿಲ್ಲ ನೋಡು.”

ನಾನು ನೀರು ಹಾಕುತ್ತಲೇ ಇದ್ದೆ. ಕುಂಡ ತುಂಬಿ ಅವರ ಚಪ್ಪಲಿಯವರೆಗೆ ಹರಿಯಿತು.

ಔಷಧಿ ಶುರುವಾದ ಮೇಲೆ ಅವರ ಬೆರಳುಗಳು ಜೋಮು ಹಿಡಿದವು. ತಣ್ಣಗಿನದು ಏನು ಮುಟ್ಟಿದರೂ ಸೂಜಿ ಚುಚ್ಚಿದಂತೆ. ಇಲ್ಲಿಯ ಚಳಿಯಲ್ಲಿ ಕಾರಿಗೆ ಹಾಕುವ ಚಾರ್ಜರಿನ ಹಿಡಿಕೆ ಹಿಮಗಡ್ಡೆಯಂತಿರುತ್ತದೆ. ಕೆಲಸದಿಂದ ಬಂದ ಮೇಲೆ ಅವರ ಕಾರಿಗೆ ಚಾರ್ಜರ್ ಸಿಕ್ಕಿಸಿ ಮನೆಯೊಳಗೆ ಹೋಗುವುದು ನನ್ನ ರೂಢಿಯಾಯಿತು. ಅವರು ಕಿಟಕಿಯಲ್ಲಿ ನಿಂತು ಕೈಯೆತ್ತುತ್ತಿದ್ದರು. ಆಮೇಲೆ ಅವರಿಗೆ ಫೋನಿಗೆ ಕೇಬಲ್ ಹಾಕುವುದೂ ಆಗದಾಯಿತು. ಆ ಸಣ್ಣ ತೂತು ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವಾಗ ಫೋನಿನಲ್ಲಿ ಚಾರ್ಜ್ ಇಲ್ಲ, ಮಗಳು ಕರೆ ಮಾಡಿದರೆ ಸಿಗುವುದಿಲ್ಲ. ಅವಳು ಹೆದರಿ ನನಗೆ ಮಾಡುತ್ತಿದ್ದಳು. ಒಂದು ಶನಿವಾರ ನಾನೇ ಹೇಳಿದೆ, “ಅಣ್ಣ, ಬನ್ನಿ. ನಿಮ್ಮ ಕಾರಿಗೆ ಹಾಕೋಣ. ನೀವು ಕೂತ್ಕೊಂಡು ಹೇಳಿ, ನಾನು ಮಾಡ್ತೀನಿ.”

ಅಕ್ಕ ಅವರಿಗೆ ಕಂಬಳಿ ಹೊದಿಸಿ ಗ್ಯಾರೇಜಿನಲ್ಲಿದ್ದ ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿದರು. ಅವರ ಕಾರು ನಮ್ಮದೇ ಮಾಡೆಲ್ಲಾದ್ದರಿಂದ ಹಿಂದೆ ಮಾಡಿಟ್ಟಿದ್ದ ತಟ್ಟೆಯೊಂದು ಆಗುತ್ತಿತ್ತು. ಅಂದು ನನ್ನ ಕಾಲು ಬಾಗಿಲ ಹೊರಗೆ.

“ಕಣ್ಣೀಲೆ ಹುಡುಕಬ್ಯಾಡ. ಬೆರಳೀಲೆ ನೋಡು. ಸಿಕ್ತೇನು ಕ್ಲಿಪ್ಪು?”

“ಸಿಕ್ತು ಅಣ್ಣ.”

“ಹೆಂಗೈತಿ?”

“ಹೆಂಗೆ ಅಂದ್ರೆ?”

“ಚೂಪೈತೋ, ಮೊಂಡೈತೋ? ತಂಪೈತೋ?”

ಹಾಗೆ ಅವರು ಹಿಂದೆಂದೂ ಕೇಳಿರಲಿಲ್ಲ. ಕೆಲಸಕ್ಕೆ ಅದು ಬೇಕಾಗಿಯೂ ಇರಲಿಲ್ಲ. ನಾನು ಒಂದೊಂದನ್ನೂ ಮುಟ್ಟಿ ಹೇಳುತ್ತಾ ಹೋದೆ. ಅಂಚು ಚೂಪಾಗಿದೆ, ವೈರು ನುಣ್ಣಗಿದೆ, ಇಲ್ಲೊಂದು ಸ್ಕ್ರೂ ಇದೆ, ತಣ್ಣಗಿದೆ. ಅವರು ಹೂಂ, ಹೂಂ ಎನ್ನುತ್ತಾ ತಮ್ಮ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದರು.

ಎಲ್ಲ ಮುಚ್ಚಿ ಫೋನು ಇಟ್ಟಾಗ ಸಣ್ಣ ಹಸಿರು ದೀಪ ಹತ್ತಿತು. ಅಷ್ಟು ಹೊತ್ತಿಗೆ ಮಗಳ ಕರೆ ಬಂತು. ಸ್ಪೀಕರಿನಲ್ಲಿ ಹಾಕಿದೆ. ಔಷಧಿ, ಊಟ, ನಿದ್ದೆ ಎಲ್ಲ ವಿಚಾರಿಸಿದಳು. ಇವರು ಅದೇ ಹಳೆಯ ತಮಾಷೆಯಲ್ಲಿ ಕೇಳಿದರು, “ಏನವಾ, ನಿನ್ನ ಕಾರಿಗೂ ಹಾಕೂಣೇನು?”

ಅವಳು, “ಓಕೆ ಡ್ಯಾಡ್. ಕಮ್ ಡು ಇಟ್” ಎಂದಳು.

ಫೋನಿಟ್ಟ ಮೇಲೆ ಅವರು ಆ ಹಸಿರು ದೀಪವನ್ನೇ ನೋಡುತ್ತಾ ಕೂತರು. “ಇಷ್ಟು ವರ್ಷ ಒಲ್ಲೆ ಅಂದಾಕಿ ಇವತ್ತು ಹೂಂ ಅಂದ್ಲು.”

“ಒಳ್ಳೇದೇ ಆಯ್ತಲ್ಲ ಅಣ್ಣ.”

“ಡಾಕ್ಟರು ಆಕಿಗೂ ಹೇಳ್ಯಾರ, ತಂಗಿ.”

ಅಕ್ಕ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿಬಿಟ್ಟರು.

ಅಂದಿನಿಂದ ಅವರಿಗೆ ಉಳಿದದ್ದು ಅದೊಂದೇ. ಲಿಸ್ಲ್‌ಗೆ ಹೋಗಬೇಕು, ಮಗಳ ಕಾರಿಗೆ ಹಾಕಿ ಬರಬೇಕು. ಅವಳ ಕಾರಿನ ತಗ್ಗಿನ ಆಕಾರವೇ ಬೇರೆ. ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿದಳು. ಕತ್ತರಿಸಿ ಕೊಡುತ್ತೇನೆ ಎಂದು ನಾನು ಹೇಳಿದೆ, ನಮ್ಮ ಮನೆಯವರೂ ಹೇಳಿದರು. “ಇದೊಂದು ನಾ ಮಾಡ್ತೇನಿ” ಎಂದರು. ಬೇಸ್‌ಮೆಂಟಿನ ಮೆಟ್ಟಿಲು ಇಳಿಯಲಾಗದೆ ಅಡುಗೆಮನೆಯ ಟೇಬಲ್ಲಿನ ಮೇಲೆ ಗರಗಸ, ಅರ ತರಿಸಿಕೊಂಡರು. ಐದು ನಿಮಿಷ ಉಜ್ಜಿ, ಅರ್ಧ ಗಂಟೆ ಮಲಗುವುದು. ಒಂದು ದಿನ ನಾನು ಸಾರು ಕೊಡಲು ಹೋದಾಗ ಅವರು ಉಜ್ಜುತ್ತಿದ್ದರು. ಬಿಳಿಯ ಟೇಬಲ್ಲಿನ ಮೇಲೆ ರಕ್ತದ ಹನಿಗಳಿದ್ದವು.

“ಅಯ್ಯೋ ಏನ್ರೀ ಇದು, ಬೆರಳು!” ಎಂದು ಅಕ್ಕ ಓಡಿ ಬಂದರು.

ಅವರು ಕೈಯೆತ್ತಿ ನೋಡಿಕೊಂಡರು, ಬೇರೆ ಯಾರದೋ ಕೈ ನೋಡಿದ ಹಾಗೆ. ಅಕ್ಕ ಬಟ್ಟೆ ಸುತ್ತಿದರು. ಅವರು ಮತ್ತೆ ತಟ್ಟೆ ತೆಗೆದುಕೊಂಡು ಇನ್ನೊಂದು ಕೈಯ ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಒಂದು ಸುತ್ತು ಎಳೆದರು. ತಲೆಯಾಡಿಸಿದರು. “ಸರಿ ಐತಿ.”

ತಟ್ಟೆ, ಪ್ಯಾಡು, ಟೇಪು ಎಲ್ಲ ಒಂದು ಶೂ ಡಬ್ಬಿಯಲ್ಲಿ ಹಾಕಿ ಬಾಗಿಲ ಪಕ್ಕ ಇಟ್ಟರು. ತಟ್ಟೆಯ ಮೂಲೆಯಲ್ಲಿ ನಾಣ್ಯದ ಗುಳಿಯೂ ಇತ್ತು. ಮುಂದಿನ ಶನಿವಾರ ಹೋಗುವುದೆಂದು ನಿಶ್ಚಯವಾಯಿತು. “ದಾರ್ಯಾಗ ಕಲಮಜೂ ಊರಾಗ ನಿಂತು ಚಾರ್ಜ್ ಮಾಡೂಣು. ನೀ ಡ್ರೈವ್ ಮಾಡು. ನಾ ಸಪ್ಪಳ ಕೇಳ್ಕೋತ ಬರ್ತೇನಿ.” ಗುರುವಾರ ಜ್ವರ ಬಂತು.

ಆಸ್ಪತ್ರೆಯಲ್ಲಿ ನಾನು ಕಂಡ ದಿನ ಮಗಳು ಬಂದು ಪಕ್ಕದಲ್ಲಿ ಕೂತಿದ್ದಳು. ಅವರಿಗೆ ನಮ್ಮ ಮಾತಿನ ಕಡೆ ಗಮನ ಇರಲಿಲ್ಲ. ಆದರೆ ಒಮ್ಮೆ ಕಣ್ಣು ತೆರೆದು, “ಆ ಪಂಪಿನ ಬುಡಕ ಒಂದು ರಬ್ಬರ್ ಇಲ್ಲ” ಎಂದರು. ಔಷಧಿ ಹರಿಸುವ ಯಂತ್ರ ಕಂಬಕ್ಕೆ ತಾಗಿ ಸಣ್ಣಗೆ ನಡುಗುತ್ತಿತ್ತು. ಅಲ್ಲಿದ್ದ ನಮಗೆ ಯಾರಿಗೂ ಅದು ಕೇಳಿಸಿರಲಿಲ್ಲ. ನಾನು ಕಾಗದದ ಕರವಸ್ತ್ರ ಮಡಚಿ ಸಂದಿಗೆ ಸಿಕ್ಕಿಸಿದೆ. ಅವರು ಕಣ್ಣು ಮುಚ್ಚಿದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ಒಳ್ಳೆಯ ಮಾತು ಏನಾದರೂ ಆಡಬೇಕಿತ್ತು ಎಂದು ನನಗನ್ನಿಸುವುದುಂಟು. ಅವರಿಗೆ ಹಾಗನ್ನಿಸಿರಲಾರದು.

ಡಬ್ಬಿ ಬಾಗಿಲ ಪಕ್ಕದಲ್ಲೇ ಉಳಿಯಿತು. ಬಂದು ಹೋಗುವ ಎಲ್ಲರೂ ಚಪ್ಪಲಿಯನ್ನು ಅದರ ಪಕ್ಕದಲ್ಲೇ ಬಿಡುತ್ತಿದ್ದರು. ಹಿಮ ಕರಗಿದ ಮೇಲೆ ಒಂದು ದಿನ ಅಕ್ಕ ಬಂದರು. “ಆ ಡಬ್ಬಿ ನೋಡಾಕ ಆಗವಲ್ದು ನನಗ. ಆಕಿಗೆ ಮುಟ್ಟಿಸಿ ಬರೂಣು ನಡಿ. ನೀ ಹಾಕಿ ಕೊಡು.”

ಅವರ ಕಾರಿನಲ್ಲೇ ಹೋದೆವು. ನಾನು ಡ್ರೈವ್ ಮಾಡಿದೆ. ಅಕ್ಕ ಅಣ್ಣನ ಫೋನನ್ನು ತಂದು ಪ್ಯಾಡಿನ ಮೇಲೆ ಇಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ. ಅದು ದಾರಿಯುದ್ದಕ್ಕೂ ಹಸಿರು ದೀಪ ಹಚ್ಚಿಕೊಂಡು ತುಂಬುತ್ತಲೇ ಇತ್ತು. ಕರೆ ಬರಲಿಲ್ಲ.

ಲಿಸ್ಲ್‌ನಲ್ಲಿ ಮಗಳು ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ಬಂದಳು. ತೋಳು ಕಟ್ಟಿಕೊಂಡು ನಿಂತಳು. ನಾನು ಅವಳ ಕಾರಿನೊಳಗೆ ತೂರಿ, ತಗ್ಗು ಒರೆಸಿ, ವೈರು ಎಳೆದು, ತಟ್ಟೆ ಇಟ್ಟೆ.

ಕೂರಲಿಲ್ಲ.

ತಿರುಗಿಸಿ ನೋಡಿದೆ, ಒತ್ತಿ ನೋಡಿದೆ. ಒಂದು ಮೂಲೆ ಎದ್ದು ನಿಲ್ಲುತ್ತಿತ್ತು. ಇನ್ನೊಂದು ಕಡೆ ನನ್ನ ಉಗುರು ಹೋಗುವಷ್ಟು ಸಂದಿ. ಅಂಚು ಹಲ್ಲು ಹಲ್ಲಾಗಿತ್ತು. ನಾಣ್ಯದ ಗುಳಿ ಒಂದು ಬದಿಗೆ ಹಿಗ್ಗಿತ್ತು. ಫೋನು ಇಟ್ಟರೆ ದೀಪ ಮಿಣುಕಿ ಆರುತ್ತಿತ್ತು, ಮತ್ತೆ ಮಿಣುಕಿ ಆರುತ್ತಿತ್ತು.

“ಸ್ವಲ್ಪ ಉಜ್ಜಿದ್ರೆ ಕೂರುತ್ತೆ” ಎಂದೆ ಹೊರಗೆ ಬಂದು. “ಅಣ್ಣನ ಅರ ತಂದಿದೀನಿ.”

“ನೋ ಆಂಟಿ. ಡೋಂಟ್ ಟಚ್ ಇಟ್.” ಅವಳು ಬಗ್ಗಿ ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಎಳೆದಳು, ನಿಧಾನವಾಗಿ, ಒಂದು ಸುತ್ತು. ಯಾರೂ ಕಲಿಸಿರಲಿಲ್ಲ. “ಡಿಡ್ ಹಿ ನೋ?”

ಅವರಿಗೆ ಗೊತ್ತಿತ್ತೇ ಎಂದು ಅವಳು ಕೇಳುತ್ತಿದ್ದಳು. ಬಟ್ಟೆ ಸುತ್ತಿದ ಆ ಬೆರಳು, ತಲೆಯಾಡಿಸಿದ್ದು, ಸರಿ ಐತಿ ಎಂದದ್ದು ನನ್ನ ಕಣ್ಣ ಮುಂದೆ ಬಂತು.

“ಇಲ್ಲಮ್ಮ. ಗೊತ್ತಿರಲಿಲ್ಲ.”

ಅಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಬೆಳ್ಳಿ ನಾಣ್ಯ ತೆಗೆದು ಆ ಗುಳಿಯಲ್ಲಿಟ್ಟರು. ಗುಳಿ ದೊಡ್ಡದಾಗಿತ್ತು. ನಾಣ್ಯ ಒಂದು ಕಡೆ ವಾಲಿಕೊಂಡಿತು.

“ಇರಲಿ ಅದು” ಎಂದಳು ಮಗಳು. ಕನ್ನಡದಲ್ಲಿ. “ಅಪ್ಪಾ ಮಾಡಿದ್ದು.”

ಊಟಕ್ಕೆಂದು ಅವಳ ಕಾರಿನಲ್ಲೇ ಹೊರಟೆವು. ಅವಳು ಡ್ರೈವ್ ಮಾಡುತ್ತಿದ್ದಳು, ಅಕ್ಕ ಪಕ್ಕದಲ್ಲಿ, ನಾನು ಹಿಂದೆ. ಪಾರ್ಕಿಂಗಿನಿಂದ ರಸ್ತೆಗೆ ತಿರುಗಿದಾಗಲೇ ಶುರುವಾಯಿತು. ತಟ್ಟೆ ಟಕ್ ಎಂದು ಒಂದು ಮೂಲೆಗೆ ಕುಸಿಯುವುದು, ಟಕ್ ಎಂದು ಮೇಲೇಳುವುದು, ಅದರೊಳಗೆ ನಾಣ್ಯ ಕಿಣಿಗುಡುವುದು. ಹೈವೇಗೆ ಏರಿದ ಮೇಲೆ ಬಿಡುವೇ ಇಲ್ಲದೆ ಬಂತು. ರೇಡಿಯೋ ಹಾಕಲು ಯಾರೂ ಕೈಚಾಚಲಿಲ್ಲ. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

ಅವರು ಇದ್ದಿದ್ದರೆ ಮೊದಲ ಟಕ್‌ಗೇ ಭುಜ ಹಿಡಿದಿರುತ್ತಿದ್ದರು. ಒಂದು ಎಕ್ಸಿಟ್ ಬಂದು ಹೋಯಿತು, ಇನ್ನೊಂದು ಬಂದು ಹೋಯಿತು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.